ಪೇಟೆಯ ಕಸಕ್ಕೆ ಯಾವ ದಾರಿ? ಕಾಸರಗೋಡಿನ ಪಂಚಾಯತುಗಳಿಗೊಂದು ಸಮಗ್ರ ಮಾರ್ಗದರ್ಶಿ

ಗ್ರಾಮಸಭೆಯಲ್ಲಿ ಕಸದ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ‘ಜಾಗ ಎಲ್ಲಿದೆ?’ ಎರಡನೆಯದು ‘ಯಾವ ಯಂತ್ರ ತರೋಣ?’ ಇಲ್ಲಿಂದ ಹೊರಟ ಚರ್ಚೆ ಎಲ್ಲಿಗೆ ಮುಟ್ಟುತ್ತದೆಂದು ಕಂಡವರಿಗೆ ಗೊತ್ತಿದೆ. ಯಾವುದೋ ಪದವಿನ (ಮುರಕಲ್ಲಿನ ಗುಡ್ಡದ ಬಯಲು ನೆತ್ತಿಯ) ಮೇಲೊಂದು ಸರಕಾರಿ ಜಾಗ ಗುರುತಾಗುತ್ತದೆ, ಕೆಳಗಿನ ಬೈಲಿನ (ತಗ್ಗಿನ) ಮನೆಯವರು ವಿರೋಧಿಸುತ್ತಾರೆ, ಅನುದಾನ ವಾಪಸು ಹೋಗದಂತೆ ತರಾತುರಿಯಲ್ಲಿ ತರಿಸಿದ ಯಂತ್ರ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ. ಪೇಟೆಯ ಕಸ ಮಾತ್ರ ಹೆದ್ದಾರಿಯ ಬದಿಯಲ್ಲಿ, ತೋಡಿನ ಸೇತುವೆಯ ಅಡಿಯಲ್ಲಿ ಇದ್ದಲ್ಲೇ ಇರುತ್ತದೆ.

ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ, ಪೆರ್ಲದಂಥ ಪೇಟೆಗಳ ವಾರ್ಡ್ ಮೆಂಬರರು, ವ್ಯಾಪಾರಿಗಳು, ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಹೆಂಗಸರು, ಶಾಲೆಯ ಅಧ್ಯಾಪಕರು ಒಂದಾಗಿ ಕುಳಿತು ತಮ್ಮ ಊರಿನ ಆಯ್ಕೆಗಳನ್ನು ತಾವೇ ಅಳೆದು ನೋಡಲಿ ಎಂದು ಇದನ್ನು ಬರೆದಿದ್ದೇನೆ. ಪ್ರಶ್ನೆಗಳ ಕ್ರಮವನ್ನೇ ಬದಲಿಸಬೇಕು ಎಂಬುದು ನನ್ನ ಮುಖ್ಯ ಮಾತು. ಎಷ್ಟು ಕಸ, ಯಾರ ಕಸ, ನಮ್ಮ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾರು ಒಯ್ಯುತ್ತಾರೆ, ಒಯ್ದವರಿಗೆ ತಿಂಗಳ ಕೊನೆಗೆ ಏನು ಸಿಗುತ್ತದೆ ಎಂದು ಮೊದಲು ತಿಳಿಯಬೇಕು. ಜಾಗ ಮತ್ತು ಯಂತ್ರದ ಮಾತು ಆಮೇಲೆ.

ಮೊದಲ ಹಂತ: ತೂಗಿ ನೋಡುವುದು

ಪಂಚಾಯತಿನ ಯೋಜನಾ ವರದಿಯಲ್ಲಿ ಕಸದ ಪ್ರಮಾಣ ಬರೆದಿರುತ್ತದೆ. ಅದು ಹೆಚ್ಚಾಗಿ ಜನಸಂಖ್ಯೆಯನ್ನು ಯಾವುದೋ ಒಂದು ಅಂಕಿಯಿಂದ ಗುಣಿಸಿ ಬಂದದ್ದು. ಗುಣಾಕಾರದಿಂದ ಹೊರಡುವುದು ತಪ್ಪಲ್ಲ, ಅಲ್ಲಿಗೇ ನಿಲ್ಲುವುದು ತಪ್ಪು.

ಲೆಕ್ಕದ ಸಲುವಾಗಿ 20,000 ಜನರ, 5,000 ಮನೆಗಳ ಒಂದು ಪಂಚಾಯತನ್ನು ಕಲ್ಪಿಸಿಕೊಳ್ಳಿ. ತಲೆಗೆ ದಿನಕ್ಕೆ 250 ಗ್ರಾಂ ಹಿಡಿದರೆ ದಿನಕ್ಕೆ 5 ಟನ್ ಆಯಿತು. ಈ ಅಂಕಿಯನ್ನು ಹಿಡಿದುಕೊಂಡು ಹೋದರೆ ಯಂತ್ರ ಮಾರುವವರು 5 ಟನ್ನಿನ ಯಂತ್ರವನ್ನೇ ತೋರಿಸುತ್ತಾರೆ. ಆದರೆ ಅದರಲ್ಲಿ 4 ಟನ್ ಮನೆಗಳದ್ದು, 1 ಟನ್ ಅಂಗಡಿ-ಹೋಟೆಲುಗಳದ್ದು ಎಂದುಕೊಳ್ಳಿ. ಮನೆಯ ಕಸದಲ್ಲಿ 55 ಶೇಕಡಾ ಹಸಿ ಕಸ, ಅಂದರೆ 2,200 ಕಿಲೋ. ನೂರರಲ್ಲಿ ಅರುವತ್ತು ಮನೆಗಳಿಗೆ ತೆಂಗಿನ ಬುಡವೋ ಅಡಿಕೆ ತೋಟವೋ ಹಟ್ಟಿಯೋ ಇದ್ದರೆ 1,320 ಕಿಲೋ ಅಂಗಳ ದಾಟಿ ಹೊರಗೆ ಬರಬೇಕಾದ್ದೇ ಇಲ್ಲ. ಉಳಿಯುವುದು 880 ಕಿಲೋ. 5 ಟನ್ನಿಗೆ ಮಾಡಿದ ಯೋಜನೆಗೂ ಒಂದು ಟನ್ನಿಗಿಂತ ಕಡಿಮೆ ಮನೆ-ಹಸಿಕಸದ ಯೋಜನೆಗೂ ಇರುವ ವ್ಯತ್ಯಾಸ ಲಕ್ಷಗಳಲ್ಲಿ ಇರುತ್ತದೆ.

ಇದನ್ನು ನಿಮ್ಮ ಊರಿನಲ್ಲಿ ತಿಳಿಯಲು ಒಂದು ತೂಕದ ಯಂತ್ರ, ಕೆಲವು ಗೋಣಿ, ಒಂದು ನೋಟ್‌ಪುಸ್ತಕ ಸಾಕು. ಸುಮಾರು 40 ಮನೆಗಳನ್ನು ಆರಿಸಿ. ಎಲ್ಲವೂ ಒಂದೇ ಬಗೆಯವಾಗಿರಬಾರದು: ತೋಟದ ಮನೆ, ಐದು ಸೆಂಟ್ಸಿನ ಮನೆ, ಪೇಟೆಯ ಫ್ಲಾಟು, ಹೊರರಾಜ್ಯದ ಕಾರ್ಮಿಕರಿರುವ ಬಾಡಿಗೆ ಕ್ವಾರ್ಟರ್ಸು, ಕಡಲಬದಿಯ ಮೀನುಗಾರರ ಮನೆಗಳು, ಗುಡ್ಡದ ಕಾಲನಿ. ಪ್ರತಿ ಮನೆಗೆ ಎರಡು ಗೋಣಿ ಕೊಟ್ಟು, ಇಪ್ಪತ್ತನಾಲ್ಕು ಗಂಟೆ ಕಳೆದು ತಂದು, ನಾಲ್ಕು ಪಾಲು ಮಾಡಿ ತೂಗಿ. ಒಂದು ಪಾಲು ಹಸಿ, ಒಂದು ಮಾರಾಟವಾಗುವ ಒಣ ಕಸ, ಒಂದು ಮಾರಾಟವಾಗದ ಒಣ ಕಸ, ಇನ್ನೊಂದು ಡಯಾಪರ್, ಸ್ಯಾನಿಟರಿ ಪ್ಯಾಡ್, ಔಷಧ, ಬಲ್ಬು, ಬ್ಯಾಟರಿಯಂಥದ್ದು. ಹೀಗೆ ಒಂದು ವಾರ. ತೂಕದ ಜೊತೆಗೆ ಎಷ್ಟು ಗೋಣಿ ತುಂಬಿತು ಎಂದೂ ಬರೆದಿಡಿ. ಪ್ಲಾಸ್ಟಿಕ್ ತೂಗುವುದು ಕಡಿಮೆ, ತಿನ್ನುವ ಜಾಗ ಹೆಚ್ಚು. ವಾಹನವೂ ಶೆಡ್ಡೂ ಸಾಲುವುದಿಲ್ಲ ಎಂಬ ದೂರು ಬರುವುದೇ ಇದನ್ನು ಮರೆತಲ್ಲಿ.

ಎಪ್ರಿಲಿನಲ್ಲಿ ಒಂದು ವಾರ, ಜುಲೈಯಲ್ಲಿ ಒಂದು ವಾರ ತೂಗಬೇಕು. ಮಳೆಗಾಲದಲ್ಲಿ ಕಸ ನೀರು ಕುಡಿದು ಭಾರವಾಗುತ್ತದೆ. ಬೇಸಗೆಯಲ್ಲಿ ಬೊಂಡದ ಚಿಪ್ಪಿನ ರಾಶಿ ಬರುತ್ತದೆ, ಮದುವೆಗಳು, ಜಾತ್ರೆ, ಉರೂಸು, ಕೋಲ, ಯಕ್ಷಗಾನ ಎಲ್ಲ ಒಟ್ಟಿಗೇ ಬರುತ್ತವೆ. ಒಂದೇ ಋತುವಿನ ಅಂಕಿ ಹಿಡಿದು ವರ್ಷದ ನಿರ್ಧಾರ ಮಾಡಬೇಡಿ.

ಅಂಗಡಿಗಳನ್ನು ಬೇರೆಯೇ ತೂಗಿ. ಹೋಟೆಲು, ತರಕಾರಿ ಅಂಗಡಿ, ಮೀನು ಮಾರುಕಟ್ಟೆ, ಕೋಳಿ ಅಂಗಡಿ, ಬೇಕರಿ, ಕಲ್ಯಾಣ ಮಂಟಪ ಒಂದೊಂದರ ಸ್ವಭಾವವೂ ಬೇರೆ. 2016ರ ಘನತ್ಯಾಜ್ಯ ನಿಯಮಾವಳಿ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು ದೊಡ್ಡ ಉತ್ಪಾದಕರೆಂದು ಪ್ರತ್ಯೇಕಿಸಿತು. ಅವರ ಹೊಣೆ ಹೆಚ್ಚು. ನಿಮ್ಮ ಪೇಟೆಯಲ್ಲಿ ಅಂಥವರು ಯಾರೆಂದು ಈ ತೂಕದ ವಾರದಲ್ಲೇ ಗೊತ್ತಾಗುತ್ತದೆ.

ಎರಡನೆಯ ಹಂತ: ನೀರಿನ ನಕ್ಷೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬೇರೆ ಜಿಲ್ಲೆಗೆ ಸರಿಹೊಂದಿದ್ದು ಇಲ್ಲಿ ಯಾಕೆ ಹೊಂದುವುದಿಲ್ಲ ಎಂಬುದಕ್ಕೆ ಉತ್ತರ ಈ ನಕ್ಷೆಯಲ್ಲಿದೆ.

ನಮ್ಮದು ಮುರಕಲ್ಲಿನ ನೆಲ. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆಲ್ಲ ರಂಧ್ರ. ಪದವಿನ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಳಿದು, ಜೇಡಿಯ ಪದರ ಸಿಕ್ಕಿದಲ್ಲಿ ಅಡ್ಡಕ್ಕೆ ಹರಿದು, ಕೆಳಗೆ ಬಾವಿಗೋ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಕ್ಕೋ ಒಸರುತ್ತದೆ. ಬಾಯಾರು, ಪಡ್ರೆಯ ಕಡೆ ಇಂದಿಗೂ ಸುರಂಗದ ನೀರು ಕುಡಿದು, ಅದೇ ನೀರಿನಲ್ಲಿ ತೋಟ ಮಾಡುವ ಮನೆಗಳಿವೆ. ಅಂಥಲ್ಲಿ ಪದವಿನ ತುದಿಯಲ್ಲಿ ಸುರಿದದ್ದು ಎಷ್ಟೋ ದೂರದ, ಕಸದ ಗುಂಪನ್ನು ಕಣ್ಣಿಂದಲೂ ಕಾಣದ ಮನೆಯ ಕೊಡಪಾನಕ್ಕೆ ಬರಬಹುದು.

ಮಳೆಯ ಲೆಕ್ಕವನ್ನೂ ಮಾಡಿ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಮೂರು ಮೀಟರ್ ಮಳೆಯಿಂದ ಗುಣಿಸಿದರೆ ಒಂದು ಎಕರೆ ತೆರೆದ ಕಸದ ಮೇಲೆ ವರ್ಷಕ್ಕೆ 1 ಕೋಟಿ 20 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಒಂದು ಪಾಲು ಆವಿಯಾಗಿ ಹೋದರೂ ಉಳಿದದ್ದು ಕಸದ ರಸವನ್ನು ಹೊತ್ತುಕೊಂಡು ಎಲ್ಲಿಗೋ ಹೋಗಲೇಬೇಕು. ‘ಬಯಲಲ್ಲಿ ಹರಡಿ ಗೊಬ್ಬರ ಮಾಡುತ್ತೇವೆ’ ಎಂಬ ಪ್ರಸ್ತಾವ ಬಂದಾಗ ಈ ಒಂದು ಗುಣಾಕಾರವನ್ನು ಸಭೆಯ ಮುಂದೆ ಇಡಿ. ಸೂರು ಇಲ್ಲದ ಯಾವ ವ್ಯವಸ್ಥೆಯೂ ನಮ್ಮ ಆಟಿ ತಿಂಗಳ ಮಳೆಯನ್ನು ದಾಟುವುದಿಲ್ಲ.

ನಕ್ಷೆ ಮಾಡುವ ಕೆಲಸ ಶಾಲಾ ಮಕ್ಕಳಿಂದಲೂ ಆಗುತ್ತದೆ. ಪಂಚಾಯತಿನ ನಕ್ಷೆಯ ಮೇಲೆ ಕುಡಿಯುವ ನೀರಿನ ಬಾವಿ, ಕೊಳವೆಬಾವಿ, ಸುರಂಗ, ಪಳ್ಳ (ಸಣ್ಣ ಕೆರೆ), ತೋಡು, ಕಟ್ಟ ಹಾಕುವ ಜಾಗ, ನೆರೆ ಬರುವ ಬೈಲು ಎಲ್ಲವನ್ನೂ ಗುರುತಿಸಿ. ನೀರು ಹರಿಯುವ ದಿಕ್ಕಿಗೆ ಬಾಣ ಹಾಕಿ. ಊರಿನ ಹಿರಿಯರಲ್ಲಿ, ಸುರಂಗ ತೋಡಿದವರಲ್ಲಿ ಕೇಳಿ. ನೆಲದೊಳಗಿನ ನೀರಿನ ಹಾದಿಯ ಬಗ್ಗೆ ಅವರಷ್ಟು ತಿಳಿದವರು ಬೇರೆ ಯಾರೂ ಸಿಗುವುದಿಲ್ಲ.

ಯಾವುದೇ ಘಟಕ ಆರಂಭವಾಗುವ ಮೊದಲು ಅದರ ಕೆಳಗಿನ ಬಾವಿಗಳ ನೀರನ್ನು ಪರೀಕ್ಷಿಸಿ ವರದಿಯನ್ನು ತೆಗೆದಿಟ್ಟುಕೊಳ್ಳಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ. ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆಯ ಕಾಲದಲ್ಲಿ ‘ಏನೂ ಆಗುವುದಿಲ್ಲ’ ಎಂಬ ಮಾತನ್ನು ಎರಡು ದಶಕಗಳಿಗಿಂತ ಹೆಚ್ಚು ಕಾಲ ಕೇಳಿದ ನಾಡು ನಮ್ಮದು. ಎಣ್ಮಕಜೆಯಂಥ ಊರುಗಳ ಜನ ತಮ್ಮ ಮಕ್ಕಳ ಮೈಮೇಲೆ ಅದರ ಬೆಲೆ ತೆತ್ತರು. ಮೊದಲು ನೀರು-ಮಣ್ಣು ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ ಅನಂತರ ಹಾನಿಯನ್ನು ಸಾಬೀತು ಮಾಡುವ ಹೊರೆ ಬಡವರ ಹೆಗಲಿಗೆ ಬೀಳುತ್ತದೆ. ಆ ಹೊರೆ ಇನ್ನೊಮ್ಮೆ ಯಾರ ಮೇಲೂ ಬರಬಾರದು.

ಮೂರನೆಯ ಹಂತ: ಹಸಿ ಕಸದ ದಾರಿಗಳನ್ನು ಹೋಲಿಸುವುದು

ಕೊಳೆಯುವುದು, ನಾರುವುದು, ನೊಣ-ನಾಯಿ ಕರೆಯುವುದು, ರಸ ಬಿಡುವುದು ಎಲ್ಲ ಹಸಿ ಕಸವೇ. ಇದು ಒಣ ಕಸದೊಂದಿಗೆ ಬೆರೆತ ಕ್ಷಣ ಎರಡೂ ಕೆಡುತ್ತವೆ. ಹಾಗಾಗಿ ಹುಟ್ಟಿದಲ್ಲಿಗೆ ಎಷ್ಟು ಹತ್ತಿರದಲ್ಲಿ ಮುಗಿಸಬಹುದೋ ಅಷ್ಟು ಒಳ್ಳೆಯದು.

ಜಾಗವಿರುವ ಮನೆಗೆ ಗೊಬ್ಬರದ ಗುಂಡಿ ಸಾಕು. ಹೆಚ್ಚಿನವರು ಮೊದಲೇ ಮಾಡುತ್ತಿದ್ದಾರೆ, ಅವರಿಗೆ ಸಬ್ಸಿಡಿಯ ಬಕೆಟು ಹಂಚಿ ಗುರಿ ತಲುಪಿದೆವೆಂದು ಬರೆಯುವುದರಲ್ಲಿ ಅರ್ಥವಿಲ್ಲ. ಐದು ಸೆಂಟ್ಸಿನ ಮನೆ ಮತ್ತು ಫ್ಲಾಟುಗಳಿಗೆ ಬಯೋಬಿನ್ (ಕಸ ಗೊಬ್ಬರವಾಗುವ ಬಕೆಟು) ಅಥವಾ ಪೈಪ್ ಕಾಂಪೋಸ್ಟ್ (ನೆಲದಲ್ಲಿ ನಿಲ್ಲಿಸಿದ ಕೊಳವೆಯಲ್ಲಿ ಗೊಬ್ಬರ) ಆಗುತ್ತದೆ. ಬಯೋಬಿನ್ ಕೈಕೊಡುವುದು ಬಹುಪಾಲು ಒಂದೇ ಕಾರಣಕ್ಕೆ: ಮೇಲೆ ಹಾಕುವ ತೆಂಗಿನ ನಾರಿನ ಹುಡಿ, ಅದರ ಇನಾಕುಲಂ (ಕಸ ಕೊಳೆಯಿಸುವ ಸೂಕ್ಷ್ಮಜೀವಿಗಳು) ಮುಗಿದ ಮೇಲೆ ಎಲ್ಲಿ ಸಿಗುತ್ತದೆಂದು ಮನೆಯವರಿಗೆ ಗೊತ್ತಿರುವುದಿಲ್ಲ. ಎರಡೇ ವಾರದಲ್ಲಿ ಹುಳ, ವಾಸನೆ. ಬಿನ್ ಹಿತ್ತಿಲಿಗೆ ಹೋಗುತ್ತದೆ. ಬಿನ್ ಹಂಚುವ ಖರ್ಚಿನಷ್ಟೇ ಗಮನವನ್ನು ಆ ಹುಡಿಯ ಪೂರೈಕೆಗೂ, ಮನೆಗೆ ಹೋಗಿ ಸರಿಮಾಡಿ ಕೊಡುವ ಒಬ್ಬರಿಗೂ ಕೊಡಬೇಕು. ಆ ಒಬ್ಬರು ಇಲ್ಲವೆಂದಾದರೆ ಈ ಆಯ್ಕೆಗೆ ಕಡಿಮೆ ಅಂಕ ಕೊಡಿ.

ಪೇಟೆಯ ಮಧ್ಯಕ್ಕೆ, ತರಕಾರಿ ಅಂಗಡಿಗಳ ಸಾಲಿಗೆ ತುಂಬೂರ್ಮುಳಿ ಮಾದರಿ ನನ್ನ ಮೊದಲ ಆಯ್ಕೆ. ತೃಶೂರು ಜಿಲ್ಲೆಯ ತುಂಬೂರ್ಮುಳಿಯ ದನಗಳ ಫಾರ್ಮಿನಲ್ಲಿ ಕೇರಳ ಪಶುವೈದ್ಯ ವಿಶ್ವವಿದ್ಯಾಲಯದವರು ರೂಪಿಸಿದ್ದು ಇದು. ನಾಲ್ಕು ಅಡಿ ಉದ್ದ, ಅಗಲ, ಎತ್ತರದ, ಬದಿಗಳಲ್ಲಿ ಗಾಳಿಯಾಡುವ ಪೆಟ್ಟಿಗೆ. ಅರ್ಧ ಅಡಿಯಷ್ಟು ಸೆಗಣಿ, ಅದರ ಮೇಲೆ ತರಗೆಲೆ, ಅದರ ಮೇಲೆ ಕಸ, ಹೀಗೆ ಪದರ ಪದರ. ಒಳಗೆ ಬಿಸಿ ಏರಿ ವಾಸನೆಯಿಲ್ಲದೆ ಕರಗುತ್ತದೆ. ತುಂಬಿ ಮುಚ್ಚಿದ 90 ದಿನಕ್ಕೆ ಗೊಬ್ಬರ. ಕರೆಂಟು ಬೇಡ. ಸೆಗಣಿ, ತರಗೆಲೆ, ಅಡಿಕೆ ಸಿಪ್ಪೆಗೆ ನಮ್ಮಲ್ಲಿ ಬರವಿಲ್ಲ, ಗೊಬ್ಬರ ಕೊಳ್ಳುವ ತೋಟಗಳೂ ಪಕ್ಕದಲ್ಲೇ ಇವೆ.

ಪೆಟ್ಟಿಗೆ ಎಷ್ಟು ಬೇಕೆಂದು ಹೀಗೆ ತಿಳಿಯಿರಿ. ಒಂದು ಪೆಟ್ಟಿಗೆ ತುಂಬಲು ಹತ್ತು ದಿನ ಬೇಕಾದರೆ, ಹತ್ತಕ್ಕೆ ತೊಂಬತ್ತು ಕೂಡಿಸಿ ಹತ್ತರಿಂದ ಭಾಗಿಸಿ: ಹತ್ತು ಪೆಟ್ಟಿಗೆ. ಐದೇ ದಿನದಲ್ಲಿ ತುಂಬುವುದಾದರೆ ಹತ್ತೊಂಬತ್ತು. ಎರಡು ಪೆಟ್ಟಿಗೆ ಕಟ್ಟಿಸಿ ಉದ್ಘಾಟನೆ ಮಾಡಿದ ಕಡೆಗಳಲ್ಲಿ ಮೂರನೆಯ ವಾರ ಯಾಕೆ ಕಸ ಹೊರಗೆ ರಾಶಿ ಬೀಳುತ್ತದೆ ಎಂಬುದಕ್ಕೆ ಕಾರಣ ಈ ಭಾಗಾಕಾರದಲ್ಲಿದೆ. ಬೇಸಗೆಯಲ್ಲೇ ತರಗೆಲೆ ಒಟ್ಟುಮಾಡಿ ಸೂರಿನಡಿ ಶೇಖರಿಸಿಡಿ, ಜೂನಿನಲ್ಲಿ ಹುಡುಕಿದರೆ ಒದ್ದೆ ಎಲೆ ಮಾತ್ರ ಸಿಗುತ್ತದೆ.

ಬಯೋಗ್ಯಾಸ್ ಒಳ್ಳೆಯದೇ, ಗ್ಯಾಸನ್ನು ಅಲ್ಲೇ ಉರಿಸುವ ಒಲೆ ಇದ್ದಲ್ಲಿ ಮಾತ್ರ. ಊಟದ ಹೋಟೆಲು, ಹಾಸ್ಟೆಲು, ದಿನವೂ ಅನ್ನದಾನವಿರುವ ದೇವಸ್ಥಾನಗಳಿಗೆ ಹೊಂದುತ್ತದೆ. ಲಿಂಬೆ ಸಿಪ್ಪೆ, ಮೊಟ್ಟೆ ಚಿಪ್ಪು, ಈರುಳ್ಳಿ ಸಿಪ್ಪೆ ಅದಕ್ಕೆ ಹಾಕಬಾರದು. ಹೊರಬರುವ ದ್ರವವನ್ನು ಯಾವ ತೋಟಕ್ಕೆ ಬಿಡುತ್ತೀರೆಂದು ಮೊದಲೇ ನಿರ್ಧಾರವಾಗಿರಲಿ. ಚರಂಡಿಗೆ ಬಿಟ್ಟರೆ ಇಷ್ಟೆಲ್ಲ ಮಾಡಿ ಪ್ರಯೋಜನವಿಲ್ಲ.

ಕೋಳಿ ಅಂಗಡಿಯ ಗರಿ, ಕರುಳುಗಳನ್ನು ಮನೆಯ ಹಸಿ ಕಸದೊಂದಿಗೆ ಸೇರಿಸಿ ಯೋಚಿಸಬೇಡಿ. ಅದನ್ನು ಬೇಯಿಸಿ ಎಣ್ಣೆ, ಪ್ರೊಟೀನ್ ಹುಡಿ ತೆಗೆಯುವ ರೆಂಡರಿಂಗ್ ಘಟಕಗಳು ಕೇರಳದಲ್ಲಿವೆ. ಅಂಗಡಿಯ ಲೈಸನ್ಸ್ ನವೀಕರಿಸುವಾಗ ಅಂಥ ಘಟಕದೊಂದಿಗಿನ ಒಪ್ಪಂದ ಮತ್ತು ಕೊಟ್ಟ ತೂಕದ ರಶೀದಿ ಕೇಳಿ. ಒಪ್ಪಂದದ ಕಾಗದ ಎಲ್ಲರಲ್ಲೂ ಇರುತ್ತದೆ, ರಶೀದಿ ಎಲ್ಲರಲ್ಲಿಯೂ ಇರುವುದಿಲ್ಲ. ರಾತ್ರಿ ಹೊಳೆಬದಿಗೆ ಬೀಳುವ ಗೋಣಿಗಳು ಆ ವ್ಯತ್ಯಾಸದಿಂದ ಹುಟ್ಟುತ್ತವೆ. ಮೀನಿನ ಕಸ ಮಾತ್ರ ಬೇಗ ಸೆಗಣಿ-ಎಲೆಯ ನಡುವೆ ಸೇರಿದರೆ ತುಂಬೂರ್ಮುಳಿಯಲ್ಲೂ ಕರಗುತ್ತದೆ.

ನಾಲ್ಕನೆಯ ಹಂತ: ಸಂಗ್ರಹ, ಮತ್ತು ಸಂಗ್ರಹಿಸುವವರ ಸಂಬಳ

ರಸ್ತೆಬದಿ ದೊಡ್ಡ ತೊಟ್ಟಿ ಇಡುವುದು ಕಡಿಮೆ ಖರ್ಚಿನದೆಂದು ಕಾಣುತ್ತದೆ. ಆದರೆ ತೊಟ್ಟಿಗೆ ಹಾಕಿದವರು ಯಾರೆಂದು ಗೊತ್ತಾಗುವುದಿಲ್ಲ, ಅದರೊಳಗೆ ಎಲ್ಲವೂ ಬೆರೆಯುತ್ತದೆ. ಮನೆಬಾಗಿಲಿನ ಸಂಗ್ರಹಕ್ಕೆ ಹೋಲಿಸಿದರೆ ತೊಟ್ಟಿಯನ್ನು ಬಿಟ್ಟುಬಿಡುವುದೇ ಸರಿ ಎಂದು ನಾನು ಹೇಳುತ್ತೇನೆ. ಕೇರಳದಲ್ಲಿ ಮನೆಬಾಗಿಲಿಗೆ ಹೋಗಲು ಹರಿತ ಕರ್ಮ ಸೇನೆ ಇದೆ. ಕುಟುಂಬಶ್ರೀಯ ಈ ಹೆಂಗಸರು ಸಾಮಾನ್ಯವಾಗಿ ವಾರ್ಡಿಗೆ ಇಬ್ಬರಂತೆ ತಿಂಗಳಿಗೊಮ್ಮೆ ತೊಳೆದು ಒಣಗಿಸಿದ ಪ್ಲಾಸ್ಟಿಕನ್ನು ಒಯ್ಯುತ್ತಾರೆ. ಗ್ರಾಮ ಪಂಚಾಯತುಗಳಲ್ಲಿ ಮನೆಗೆ 50 ರೂಪಾಯಿ, ಅಂಗಡಿಗೆ 100 ರೂಪಾಯಿ ಯೂಸರ್ ಫೀ ರೂಢಿಯಲ್ಲಿದೆ.

ನಮ್ಮ ಕಲ್ಪನೆಯ ಪಂಚಾಯತಿಗೆ 17 ವಾರ್ಡು, 34 ಮಂದಿ ಎಂದಿಟ್ಟುಕೊಳ್ಳಿ. 5,000 ಮನೆ, 400 ಅಂಗಡಿ ಎಲ್ಲರೂ ಕೊಟ್ಟರೆ ತಿಂಗಳಿಗೆ 2,90,000 ರೂಪಾಯಿ. ತಲೆಗೆ ಸುಮಾರು 8,500. ನೂರಕ್ಕೆ ಅರುವತ್ತು ಮಂದಿ ಮಾತ್ರ ಕೊಟ್ಟರೆ ತಲೆಗೆ 5,100ರಷ್ಟು. ಅದರಲ್ಲೇ ವಾಹನದ ಬಾಡಿಗೆ, ಕೈಗವಸು, ಗೋಣಿಯ ಖರ್ಚು ಕಳೆಯಬೇಕಾದರೆ ಆ ಹೆಂಗಸರು ಎಷ್ಟು ತಿಂಗಳು ಉಳಿಯುತ್ತಾರೆ? ನೀವು ಯಾವ ಆಯ್ಕೆ ಮಾಡಿದರೂ ಅದು ಇವರ ಕೈಯಲ್ಲಿ ನಡೆಯಬೇಕು. ಹಾಗಾಗಿ ‘ಅರುವತ್ತು ಶೇಕಡಾ ವಸೂಲಾದಾಗ ತಲೆಗೆ ಎಷ್ಟು ಉಳಿಯುತ್ತದೆ’ ಎಂಬ ಅಂಕಿಯನ್ನು ಪ್ರತಿ ಆಯ್ಕೆಯ ಎದುರಿಗೂ ಬರೆಯಿರಿ. ಕೊರತೆಯನ್ನು ಪಂಚಾಯತು ತುಂಬುತ್ತದೆಯೇ, ಯಾವ ನಿಧಿಯಿಂದ ಎಂಬುದು ಠರಾವಿನಲ್ಲೇ ಬರಬೇಕು. ಫೀ ಬಾಕಿ ಇಟ್ಟವರಿಂದ ವಸೂಲು ಮಾಡಲು ಈಗ ಕಾನೂನಿನ ಬಲವಿದೆ; ಅದನ್ನು ಬಳಸುವ ಕೆಲಸ ಪಂಚಾಯತು ಕಚೇರಿಯದ್ದು, ಬಾಗಿಲಲ್ಲಿ ನಿಂತು ಮಾತು ಕೇಳಿಸಿಕೊಳ್ಳುವ ಹೆಂಗಸರದ್ದಲ್ಲ.

ದಾರಿಯನ್ನು ನಡೆದೇ ನೋಡಿ. 5,000 ಮನೆಗೆ 17 ಜೋಡಿ ಎಂದರೆ ಜೋಡಿಗೆ 294 ಮನೆ, ತಿಂಗಳಿಗೆ ಇಪ್ಪತ್ತು ದಿನ ನಡೆದರೆ ದಿನಕ್ಕೆ ಹದಿನೈದು. ಪೇಟೆಯ ಸಾಲುಮನೆಗಳಲ್ಲಿ ಇದು ಬೆಳಗಿನ ಕೆಲಸ. ಗುಡ್ಡ ಹತ್ತಿ ಬೈಲಿಗಿಳಿದು ಮನೆಯಿಂದ ಮನೆಗೆ ಅರ್ಧ ಕಿಲೋಮೀಟರಿರುವ ವಾರ್ಡಿನಲ್ಲಿ ಗೋಣಿ ಹೊತ್ತು ಹದಿನೈದು ಮನೆ ಎಂದರೆ ಇಡೀ ದಿನ. ಎಲ್ಲ ವಾರ್ಡಿಗೂ ಒಂದೇ ಮಾನದಂಡ ಹಾಕಬೇಡಿ. ಮಾರ್ಗದ ಬದಿಯಲ್ಲಿ ಒಣ ಕಸ ತಾತ್ಕಾಲಿಕವಾಗಿ ಇಡುವ ಮಿನಿ ಎಂಸಿಎಫ್ ಎಂಬ ಬಲೆಯ ಪೆಟ್ಟಿಗೆ ಎಲ್ಲಿ ಬೇಕೆಂದು ಅವರನ್ನೇ ಕೇಳಿ.

ಇನ್ನೊಂದು ಮಾತು. ಯಾವ ತಿಂಗಳು ಚಪ್ಪಲಿ-ಬ್ಯಾಗು, ಯಾವ ತಿಂಗಳು ಗಾಜು, ಯಾವ ತಿಂಗಳು ಇಲೆಕ್ಟ್ರಾನಿಕ್ ಕಸ ಎಂಬ ಕ್ಯಾಲೆಂಡರು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಷ್ಟೋ ಮನೆಗಳಿಗೆ ಮಲೆಯಾಳದಲ್ಲಿ ಮಾತ್ರ ತಲುಪುತ್ತದೆ. ಓದಲಾಗದ ಸೂಚನೆಯನ್ನು ಪಾಲಿಸದವರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಕನ್ನಡದಲ್ಲೂ ಅಚ್ಚು ಹಾಕಿಸಿ. ವಾಹನದ ಧ್ವನಿವರ್ಧಕದಲ್ಲಿ ತುಳು, ಬ್ಯಾರಿ ಮಾತು ಕೇಳಲಿ. ಕ್ವಾರ್ಟರ್ಸುಗಳಿಗೆ ಹಿಂದಿ, ಬಂಗಾಳಿ ಇಲ್ಲವೇ ಬರೀ ಚಿತ್ರ. ವಿಂಗಡಣೆ ಸುಧಾರಿಸಲು ಇದಕ್ಕಿಂತ ಕಡಿಮೆ ಖರ್ಚಿನ ಉಪಾಯ ನನಗೆ ಗೊತ್ತಿಲ್ಲ.

ಜಾತ್ರೆ, ಮದುವೆಗಳ ವಿಚಾರ ಬೇಗ ಮುಗಿಯುತ್ತದೆ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯಾಡಳಿತಕ್ಕೆ ತಿಳಿಸಬೇಕೆಂದು 2016ರ ನಿಯಮಾವಳಿಯೇ ಹೇಳಿತ್ತು. ಬಾಳೆ ಎಲೆ, ಹಾಳೆ ತಟ್ಟೆ, ಸ್ಟೀಲ್ ಲೋಟ ನಮ್ಮಲ್ಲಿ ಯಾವತ್ತೂ ಇದ್ದವು. ಪಂಚಾಯತು ಅಥವಾ ಕುಟುಂಬಶ್ರೀ ಸಾವಿರ ಸ್ಟೀಲ್ ತಟ್ಟೆ-ಲೋಟಗಳನ್ನು ಬಾಡಿಗೆಗೆ ಇಟ್ಟರೆ ಅಷ್ಟರಮಟ್ಟಿಗೆ ಕಸವೇ ಹುಟ್ಟುವುದಿಲ್ಲ.

ಐದನೆಯ ಹಂತ: ಒಣ ಕಸ ಕೊನೆಗೆ ಎಲ್ಲಿಗೆ?

ಸಂಗ್ರಹವಾದದ್ದು ಎಂಸಿಎಫ್ (ಮೆಟೀರಿಯಲ್ ಕಲೆಕ್ಷನ್ ಫೆಸಿಲಿಟಿ) ಎಂಬ ಶೆಡ್ಡಿಗೆ ಬಂದು ವಿಂಗಡಣೆಯಾಗುತ್ತದೆ. ಗಟ್ಟಿ ಪ್ಲಾಸ್ಟಿಕ್, ರಟ್ಟು, ಲೋಹ, ಹಾಲಿನ ತೊಟ್ಟೆಗೆ ಬೆಲೆಯಿದೆ. ಚಿಪ್ಸ್ ಪ್ಯಾಕೆಟಿನಂಥ ಬಹುಪದರದ ಹಾಳೆ, ಕೊಳಕು ತೊಟ್ಟೆ, ಥರ್ಮೋಕೋಲಿಗೆ ಇಲ್ಲ. ಅದನ್ನು ಕ್ಲೀನ್ ಕೇರಳ ಕಂಪೆನಿಯಂಥ ಸಂಸ್ಥೆಗೆ ಹಣ ಕೊಟ್ಟು ಸಾಗಿಸಬೇಕು. ಬಹಳಷ್ಟು ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ ಇಂಧನವಾಗಿ ಉರಿಯುತ್ತದೆ. ತೂಕದ ವಾರದಲ್ಲಿ ‘ಮಾರಾಟವಾಗದ್ದು’ ಎಂದು ಬೇರೆ ಬರೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಪಾಲು ಹೆಚ್ಚಿದ್ದರೆ ಖರ್ಚು ಹೆಚ್ಚು.

ಊರಿನ ಗುಜರಿಯವರನ್ನು ಯೋಜನೆಯೊಳಗೆ ಸೇರಿಸಿಕೊಳ್ಳಿ. ಯಾವುದಕ್ಕೆ ಯಾವ ಬೆಲೆ, ಯಾರು ಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತು. ಮೂರು ಕಡೆ ದರ ಕೇಳಿ ಬರೆದಿಟ್ಟುಕೊಳ್ಳಿ.

ಗಡಿಯ ಪಂಚಾಯತುಗಳು ಇನ್ನೊಂದು ಎಚ್ಚರ ವಹಿಸಬೇಕು. ಗುತ್ತಿಗೆದಾರರ ಲಾರಿ ತಲಪಾಡಿ ದಾಟಿತು ಎಂಬಲ್ಲಿಗೆ ನಿಮ್ಮ ಹೊಣೆ ಮುಗಿಯಲಿಲ್ಲ. ಇಳಿಸಿದ ಜಾಗದ ರಶೀದಿ, ತೂಕದ ಚೀಟಿ, ಆ ಘಟಕದ ಅನುಮತಿಪತ್ರ ಮೂರೂ ಪ್ರತಿ ಲೋಡಿಗೆ ಬರಬೇಕು. ಬಾರದಿದ್ದರೆ ಬಿಲ್ಲು ಪಾಸಾಗಬಾರದು.

ಡಯಾಪರ್, ಪ್ಯಾಡುಗಳಿಗೆಂದು ಸಣ್ಣ ದಹನಯಂತ್ರಗಳನ್ನು ಮಾರಲು ಬರುತ್ತಾರೆ. 850 ಡಿಗ್ರಿಗಿಂತ ಹೆಚ್ಚಿನ ಶಾಖವನ್ನು ಸತತವಾಗಿ ಹಿಡಿದಿಡಲಾಗದ ಯಂತ್ರದಲ್ಲಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಗೆಯಾಗಿ ಬರುತ್ತದೆ. ಹೊಗೆಯ ಪರೀಕ್ಷೆಯ ವರದಿ ಇಲ್ಲದ ಯಂತ್ರವನ್ನು ಶಾಲೆಯ ಪಕ್ಕ, ಅಂಗನವಾಡಿಯ ಪಕ್ಕ ಇಡಲು ಒಪ್ಪಬೇಡಿ. ಅಂಗಳದ ಮೂಲೆಯಲ್ಲಿ ಬೆಳಿಗ್ಗೆ ತೊಟ್ಟೆ ಸುಡುವ ಅಭ್ಯಾಸಕ್ಕೂ ಇದೇ ಮಾತು.

ಶೆಡ್ಡಿನ ಬಗ್ಗೆ ಹೇಳಲೇಬೇಕಾದದ್ದು ಬೆಂಕಿ. ಕೊಚ್ಚಿಯ ಬ್ರಹ್ಮಪುರದಲ್ಲಿ 2023ರ ಮಾರ್ಚ್ 2ರಂದು ಹತ್ತಿದ ಬೆಂಕಿಯ ಹೊಗೆ ಹತ್ತು ದಿನ ದಾಟಿದರೂ ಅಡಗಲಿಲ್ಲ. ಹಸಿರು ನ್ಯಾಯಮಂಡಳಿ ನಗರಪಾಲಿಕೆಗೆ 100 ಕೋಟಿ ರೂಪಾಯಿ ದಂಡ ಹಾಕಿತು. ಸಣ್ಣ ಎಂಸಿಎಫ್ ಕೂಡ ಒಣ ಪ್ಲಾಸ್ಟಿಕ್ಕಿನ ಗೋದಾಮೇ. ತಿಂಗಳಿಗಿಂತ ಹೆಚ್ಚು ಕಾಲ ರಾಶಿ ನಿಲ್ಲದಂತೆ ಸಾಗಾಟ, ರಾಶಿಗಳ ನಡುವೆ ನಡೆಯುವ ದಾರಿ, ನೀರಿನ ಟ್ಯಾಂಕು, ಸರಿಯಾದ ವಯರಿಂಗ್, ಎರಡು ಬಾಗಿಲು. ಒಳಗೆ ದುಡಿಯುವವರಿಗೆ ಶೌಚಾಲಯವನ್ನೂ ಫ್ಯಾನನ್ನೂ ಅಂದಾಜುಪಟ್ಟಿಯಲ್ಲೇ ಬರೆಯಿರಿ.

ಆರನೆಯ ಹಂತ: ಭೂಭರ್ತಿ, ದೊಡ್ಡ ಸ್ಥಾವರ, ಕೂಡು ವ್ಯವಸ್ಥೆ

ವೈಜ್ಞಾನಿಕ ಭೂಭರ್ತಿ (ಕಸವನ್ನು ನೆಲದಲ್ಲಿ ಹೂಳುವ ಜಾಗ) ಎಂಬ ಹೆಸರು ಕೇಳಿದ ಕೂಡಲೇ ಅದರ ಷರತ್ತುಗಳನ್ನು ಮೇಜಿನ ಮೇಲೆ ಇಡಿ. 2016ರ ನಿಯಮಾವಳಿಯ ಪ್ರಕಾರ ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ವಸತಿ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕಿತ್ತು. ತಳದಲ್ಲಿ 90 ಸೆಂಟಿಮೀಟರ್ ಜೇಡಿಯ ಪದರ, ಅದರ ಮೇಲೆ 1.5 ಮಿಲಿಮೀಟರಿನ ಗಟ್ಟಿ ಪ್ಲಾಸ್ಟಿಕ್ ಹಾಳೆ ಬೇಕಿತ್ತು. ಮಳೆಗಾಲದಲ್ಲಿ ಅಂತರ್ಜಲ ಅತಿ ಮೇಲೆ ಬಂದಾಗಲೂ ಜೇಡಿಯ ತಳದಿಂದ 2 ಮೀಟರ್ ಕೆಳಗಿರಬೇಕಿತ್ತು. ಎರಡನೆಯ ಹಂತದ ನಕ್ಷೆಯ ಮೇಲೆ ಪ್ರತಿ ಬಾವಿ-ಸುರಂಗದ ಸುತ್ತ 200 ಮೀಟರಿನ ವೃತ್ತ ಎಳೆದು ನೋಡಿ. ಮನೆಗೊಂದು ಬಾವಿಯಿರುವ ನಮ್ಮ ಊರುಗಳಲ್ಲಿ ಖಾಲಿ ಉಳಿಯುವ ಜಾಗ ತೀರಾ ಕಡಿಮೆ, ಉಳಿದದ್ದು ಬಹುಪಾಲು ಪದವಿನ ನೆತ್ತಿ, ಅಂದರೆ ನೀರಿನ ಮೂಲವೇ.

ಕೆಲಸ ಮುಗಿದ ಮುರಕಲ್ಲಿನ ಕೋರೆಗಳನ್ನು ತುಂಬಿಸೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಗಟ್ಟಿ ಮೇಲ್ಪದರವನ್ನು ಕಡಿದು ತೆಗೆದ ಹೊಂಡ ಅದು. ಅಲ್ಲಿ ಸುರಿದದ್ದು ನೇರ ಕೆಳಗಿನ ನೀರಿಗೆ ಇಳಿಯುತ್ತದೆ. ಆ ಸಲಹೆಗೆ ‘ಬೇಡ’ ಎನ್ನಲು ಹಿಂಜರಿಯಬೇಡಿ.

ಗುಡ್ಡದ ಇಳಿಜಾರಿನಲ್ಲಿ ಕಸ ಒಟ್ಟಿದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ತೋಟ, ಮನೆಗಳ ಮೇಲೆ ಹರಡಿತು. ಅಡಿಕೆ ಮರಗಳು ಕಸದಡಿ ಮುಳುಗಿದವು, ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಮಳೆಯೂ ಮಣ್ಣೂ ನಮ್ಮದೇ ಬಗೆಯದು. ನಿರ್ಧಾರ ಮಾಡುವ ಸಮಿತಿಯವರು ಒಮ್ಮೆ ಅಲ್ಲಿಗೆ ಹೋಗಿ ಆ ಮನೆಯವರೊಡನೆ ಮಾತಾಡಿ ಬರಬೇಕೆಂದು ನನ್ನ ಆಸೆ.

ಕಸದಿಂದ ಕರೆಂಟು ಮಾಡುವ ಸ್ಥಾವರದ ಪ್ರಸ್ತಾವವನ್ನು ಒಂದೇ ಪ್ರಶ್ನೆಯಿಂದ ಪರೀಕ್ಷಿಸಬಹುದು: ಜುಲೈಯಲ್ಲಿ ಏನು ಉರಿಸುತ್ತೀರಿ? ಕಿಲೋಗೆ 1,500 ಕಿಲೋಕ್ಯಾಲರಿಗಿಂತ ಕಡಿಮೆ ಶಾಖವಿರುವ ಕಸ ಇಂಧನಕ್ಕೆ ಯೋಗ್ಯವೆಂದು 2016ರ ನಿಯಮಾವಳಿಯೂ ಎಣಿಸಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಸಿ ಇರುವ, ಮಳೆಯಲ್ಲಿ ನೆನೆದ ನಮ್ಮ ಕಸ ತನ್ನನ್ನು ತಾನೇ ಉರಿಸಿಕೊಳ್ಳದು. ಚೆನ್ನಾಗಿ ಉರಿಯುವ ಪ್ಲಾಸ್ಟಿಕ್-ಕಾಗದವನ್ನು ಸೇನೆಯವರು ಮೊದಲೇ ಬೇರೆ ಮಾಡಿರುತ್ತಾರೆ. ದಿನಕ್ಕೆ ಕೆಲವೇ ಟನ್ ಇರುವ ಪೇಟೆಗೆ ಅದು ಹೊಂದದು.

ಹಲವು ಪಂಚಾಯತುಗಳು ಕೂಡಿ ಮಾಡಬಹುದಾದ ಕೆಲಸಗಳು ಬೇರೆ ಇವೆ: ಬ್ಲಾಕ್ ಮಟ್ಟದಲ್ಲಿ ಒಂದು ಪ್ಲಾಸ್ಟಿಕ್ ಹುಡಿಮಾಡುವ, ಮೂಟೆ ಕಟ್ಟುವ ಘಟಕ, ಕೋಳಿ ಕಸದ ಒಪ್ಪಂದ, ಗಾಜು, ಇಲೆಕ್ಟ್ರಾನಿಕ್ ಕಸದ ಸಾಗಾಟ. ಹುಡಿ ಮಾಡಿದ ಪ್ಲಾಸ್ಟಿಕನ್ನು ರಸ್ತೆಯ ಡಾಮರಿಗೆ ಅದರ ತೂಕದ 6ರಿಂದ 8 ಶೇಕಡಾದಷ್ಟು ಸೇರಿಸಬಹುದು. ಒಣ ಕಸ ದೂರ ಹೋಗಬಹುದು, ಹಸಿ ಕಸ ವಾರ್ಡು ದಾಟಬಾರದು.

ಏಳನೆಯ ಹಂತ: ಒಂದೇ ಹಾಳೆಯಲ್ಲಿ ತೂಗಿ ನೋಡುವುದು

ಈಗ ಆಯ್ಕೆಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ. ಮೊದಲು ಅನರ್ಹಗೊಳಿಸುವ ಪ್ರಶ್ನೆಗಳು. ಕುಡಿಯುವ ನೀರಿಗೆ ಅಪಾಯವಿದೆಯೇ? ಸೂರಿಲ್ಲದೆ ಮಳೆಗಾಲ ಕಳೆಯಬೇಕೇ? ತೆರೆದ ಬೆಂಕಿ ಇದೆಯೇ? ಒಂದಕ್ಕೆ ‘ಹೌದು’ ಬಂದರೂ ಆ ಆಯ್ಕೆಯನ್ನು ಹೊಡೆದುಹಾಕಿ. ಕಡಿಮೆ ಖರ್ಚಿನದೆಂಬ ಕಾರಣಕ್ಕೆ ಮತ್ತೆ ಒಳಗೆ ತರಬೇಡಿ.

ಉಳಿದವಕ್ಕೆ ಖರ್ಚು ಬರೆಯಿರಿ. ಕಟ್ಟುವ ಖರ್ಚನ್ನು ಸರಕಾರದ ಅನುದಾನ ಕೊಡಬಹುದು, ನಡೆಸುವ ಖರ್ಚನ್ನು ಪಂಚಾಯತೇ ಹೊರಬೇಕು. ಐದು ವರ್ಷಗಳ ಸಂಬಳ, ಕರೆಂಟು, ಡೀಸೆಲ್, ದುರಸ್ತಿ, ಮಾರಾಟವಾಗದ ಕಸದ ಸಾಗಾಟ ಎಲ್ಲ ಕೂಡಿಸಿ, ಒಂದು ಟನ್ನಿಗೆ ಎಷ್ಟು ಬಿತ್ತೆಂದು ನೋಡಿ. ಗೊಬ್ಬರ ಮಾರಿ ಬರುವ ಆದಾಯವನ್ನು ಮೊದಲ ವರ್ಷ ಸೊನ್ನೆ ಎಂದೇ ಹಿಡಿಯಿರಿ.

ಯಂತ್ರ ಮಾರುವವರಿಗೆ ಕೇಳಬೇಕಾದ್ದು: ಇದೇ ಯಂತ್ರ ಎರಡು ಮಳೆಗಾಲ ನಡೆದ ಪಂಚಾಯತು ಯಾವುದು? ಅಲ್ಲಿಗೆ ನಾವು ಹೇಳದೆ ಹೋಗಿ ನೋಡಬಹುದೇ? ಬಿಡಿಭಾಗ ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತದೆ? ಇಡೀ ದಿನ ಕರೆಂಟು ಹೋದರೆ ಒಳಗಿನ ಕಸ ಏನಾಗುತ್ತದೆ? 24 ಗಂಟೆಯಲ್ಲಿ ಗೊಬ್ಬರ ಎನ್ನುವ ಯಂತ್ರಗಳು ಹೆಚ್ಚಾಗಿ ಕಸವನ್ನು ಒಣಗಿಸಿ ಹುಡಿ ಮಾಡುತ್ತವೆ. ಅದನ್ನು ಮತ್ತೆ ವಾರಗಟ್ಟಲೆ ಕೊಳೆಯಿಸದೆ ಗಿಡದ ಬುಡಕ್ಕೆ ಹಾಕಬಾರದು.

ಎಂಟನೆಯ ಹಂತ: ಎರಡು ವಾರ್ಡುಗಳಲ್ಲಿ ಮೂರು ತಿಂಗಳು

ಆಯ್ದ ವ್ಯವಸ್ಥೆಯನ್ನು ಇಡೀ ಪಂಚಾಯತಿಗೆ ಹರಡುವ ಮೊದಲು ಪೇಟೆಯ ಒಂದು ವಾರ್ಡು, ಗುಡ್ಡದ ಒಂದು ವಾರ್ಡಿನಲ್ಲಿ ಮೇಯಿಂದ ಜುಲೈವರೆಗೆ ನಡೆಸಿ ನೋಡಿ. ಸುಲಭದ ತಿಂಗಳುಗಳಲ್ಲಿ ಮಾಡಿದ ಪ್ರಯೋಗದಿಂದ ಏನೂ ತಿಳಿಯುವುದಿಲ್ಲ. ಬರೆದಿಡಬೇಕಾದ ಅಂಕಿಗಳು ಐದು: ಕಸ ಕೊಟ್ಟ ಮನೆಗಳ ಪಾಲು, ಫೀ ಕೊಟ್ಟವರ ಪಾಲು, ಬೆರೆತು ಬಂದ ಕಸದ ತೂಕ, ದುಡಿದವರ ಕೈಗೆ ಸೇರಿದ ಹಣ, ಬಂದ ದೂರುಗಳು. ಜೊತೆಗೆ ರಸ್ತೆಬದಿಯಲ್ಲಿ ಕಸ ಬೀಳುವ ಜಾಗಗಳನ್ನು ಪಟ್ಟಿ ಮಾಡಿ, ತಿಂಗಳಿಗೊಮ್ಮೆ ಅದೇ ಕೋನದಿಂದ ಫೋಟೋ ತೆಗೆಯಿರಿ.

ಆಗಸ್ಟಿನಲ್ಲಿ ಈ ಅಂಕಿಗಳನ್ನು ಬರೆದಿಟ್ಟ ಪುಸ್ತಕವನ್ನು ಗ್ರಾಮಸಭೆಯ ಮುಂದೆ ತೆರೆಯಿರಿ, ಹರಿತ ಕರ್ಮ ಸೇನೆಯವರು ವೇದಿಕೆಯಲ್ಲಿ ಕುಳಿತು ತಾವೇ ಓದಲಿ. ಬೆರೆತ ಕಸ ಕಡಿಮೆಯಾಗಿಲ್ಲದಿದ್ದರೆ ಮೊದಲು ಸೂಚನೆಯ ಭಾಷೆಯನ್ನೂ ಸಂಗ್ರಹದ ದಿನವನ್ನೂ ತಿದ್ದಿ. ಫೀ ಕುಸಿದಿದ್ದರೆ ಯಾವ ಮನೆಗಳಲ್ಲಿ ಎಂದು ನೋಡಿ ಅಲ್ಲಿಗೆ ಮೆಂಬರರು ಹೋಗಲಿ. ತುಂಬೂರ್ಮುಳಿ ಪೆಟ್ಟಿಗೆಯಿಂದ ರಸ ಸೋರುತ್ತಿದ್ದರೆ ಒಣ ಎಲೆ ಹೆಚ್ಚಿಸಿ, ಸೂರಿನ ಇಳಿಜಾರು ಉದ್ದಮಾಡಿಸಿ. ಕೆಳಗಿನ ಬಾವಿಗಳ ನೀರಿನ ಎರಡನೆಯ ಪರೀಕ್ಷೆಯ ವರದಿ ಬಂದು, ಮೊದಲಿನದರೊಂದಿಗೆ ಹೋಲಿಸಿದ ಮೇಲೆ ಉಳಿದ ವಾರ್ಡುಗಳ ಠರಾವು ಬರೆಯಿರಿ.